ನನ್ನನ್ನು ಕೇಳದೆ ತೂಗಿದ ತಲೆ

ಬೇರೆಯವರು ಬೆಳಗ್ಗೆ ಎದ್ದು ಯೋಗ ಮಾಡುತ್ತಾರೆ. ನಾನು ಹಲ್ಲುಜ್ಜುತ್ತ ಅಂದಿನ ಚಿಂತೆಯನ್ನು ಆರಿಸಿಕೊಳ್ಳುತ್ತೇನೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಫ್ರೀವೇಯ ಅರ್ಧ ದಾರಿಯಿಂದ ಮನೆಗೆ ತಿರುಗಿ ಬಂದವನು ನಾನು. ಅಂದು ಒಲೆಯನ್ನು ಹಚ್ಚಿಯೇ ಇರಲಿಲ್ಲ. ಇಂಥವನಿಗೆ ಕಳೆದ ಡಿಸೆಂಬರಿನಲ್ಲಿ ಪಕ್ಕದ ಮನೆಯ ಡೇಲ್ ಒಂದು ವಾರಕ್ಕೆ ಸಾಲುವಷ್ಟು ಚಿಂತೆಯನ್ನು ಬೇಲಿಯ ಮೇಲಿಂದಲೇ ದಾಟಿಸಿದ.

ಡೇಲ್ ಎಪ್ಪತ್ತು ದಾಟಿದ ನಿವೃತ್ತ ಎಂಜಿನಿಯರು. ಲಿವರ್‌ಮೋರಿನ ನಮ್ಮ ಬೀದಿಯಲ್ಲಿ ಯಾರ ಗರಾಜಿನ ಬಾಗಿಲು ಸಿಕ್ಕಿಕೊಂಡರೂ ಏಣಿ ಹೊತ್ತು ಬರುವವನು ಅವನೇ. ಅವನಿಗಿರುವ ಒಂದೇ ದುಶ್ಚಟ ಬ್ಯಾಂಜೊ. ಬ್ಲೂಗ್ರಾಸ್ ಎನ್ನುವ, ಈ ದೇಶದ ಗುಡ್ಡಗಾಡಿನ ಜನರ ಸಂಗೀತವೊಂದಿದೆ: ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರು, ಆಳೆತ್ತರದ ಬೇಸು, ಪಿಟೀಲು. ಡ್ರಮ್ಮು ಇಲ್ಲ, ಆದರೂ ರೈಲು ಹೊರಟಂತೆ ಓಡುತ್ತದೆ. ಪ್ರತಿ ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವನ ಗೆಳೆಯರೆಲ್ಲ ಗರಾಜಿನಲ್ಲಿ ಸುತ್ತುಗಟ್ಟಿ ಕೂತು ಕ್ರಿಸ್‌ಮಸ್ ಹಾಡುಗಳನ್ನು ಆ ರೈಲಿಗೆ ಹತ್ತಿಸುತ್ತಾರೆ. ಹೊಸದಾಗಿ ಬಂದ ವರ್ಷ ಸದ್ದಿನ ಬಗ್ಗೆ ನಾನೊಂದು ದೂರಿನ ಇಮೇಲನ್ನೂ ಬರೆದಿದ್ದೆ. ಕಳಿಸಿದರೆ ಏನಾದೀತೋ ಎಂಬ ಚಿಂತೆಯಲ್ಲಿ ಕಳಿಸಲಿಲ್ಲ. ನನ್ನ ಹೇಡಿತನಕ್ಕೆ ನಾನು ಋಣಿಯಾಗಿರುವ ಸಂದರ್ಭಗಳಲ್ಲಿ ಅದೂ ಒಂದು.

"ನಮ್ಮ ಫಿಡ್ಲಿನ ಮಾರ್ಲೀನ್ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾಳೆ. ಈ ಸಲ ನೀನು ನಿನ್ನ ಫಿಡ್ಲು ತಗೊಂಡು ಬಾ," ಎಂದ ಡೇಲ್.

ನನ್ನ ಬಳಿ ಪಿಟೀಲು ಇರುವುದು ನನ್ನ ಹೆಂಡತಿಗೆ, ಮಗಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ನಾನು ನುಡಿಸುವುದು ಬಟ್ಟೆಯ ಕ್ಲಾಸೆಟ್ಟಿನೊಳಗೆ, ಬಾಗಿಲು ಹಾಕಿಕೊಂಡು, ಚಳಿಗಾಲದ ಕೋಟುಗಳ ನಡುವೆ ನಿಂತು.

"ಆ ಕ್ಲಾಸೆಟ್ಟಿನ ಗೋಡೆ ನನ್ನ ಗರಾಜಿನ ಕಡೆಗಿದೆ ಮಾರಾಯ. ಒಂಬತ್ತು ವರ್ಷದಿಂದ ಕೇಳ್ತಾ ಇದೀನಿ," ಎಂದು ಅವನು ನಕ್ಕ. ಅವನೆಂದೂ ದೂರಿನ ಇಮೇಲು ಬರೆಯಲು ಕೂತವನಲ್ಲ ಎಂಬುದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು.

ಕ್ಲಾಸೆಟ್ಟಿಗೆ ಕಾರಣವಿದೆ. ಹುಬ್ಬಳ್ಳಿಯಲ್ಲಿ ಹದಿನಾಲ್ಕರ ಹರೆಯದಲ್ಲಿ ಶಾಲೆಯ ಗ್ಯಾದರಿಂಗಿನ ವೇದಿಕೆಯ ಮೇಲೆ ನಾನು ಕಮಾನನ್ನು ತಂತಿಯ ಮೇಲಿಟ್ಟೆ. ಕೈ ಅಲ್ಲೇ ಕಲ್ಲಾಯಿತು. ತಬಲಾದವನು ಪಾಪ, ಒಂದು ಆವರ್ತನ ಕಾದ, ಎರಡು ಕಾದ, ಕೊನೆಗೆ ಒಬ್ಬನೇ ನುಡಿಸಿ ಮುಗಿಸಿದ. ಜನ ಅವನಿಗೆ ಭರ್ಜರಿ ಚಪ್ಪಾಳೆ ಹೊಡೆದರು. ಕಲಿಸಿದ ಮಾಸ್ತರು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು "ಹೋಗ್ಲಿ ಬಿಡಪಾ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಅಂದಿನಿಂದ ಮೂವತ್ತೈದು ವರ್ಷ, ಇನ್ನೊಬ್ಬರ ಎದುರು ಒಂದು ಸ್ವರವನ್ನೂ ನುಡಿಸಿಲ್ಲ.

"ಅವ್ರೇನ್ ನಿಮ್ಮನ್ನ ಪರೀಕ್ಷಾಕ್ಕ ಕರದಾರೇನ್ರೀ? ಬಾರ್ಸಾಕ್ ಕರದಾರ. ಸುಮ್ನ ಹೋಗ್ರಿ," ಎಂದಳು ಹೆಂಡತಿ ಸುಜಾತಾ. ಅವಳು ಧಾರವಾಡದವಳು, ಹೆದರಿಕೆ ಎಂಬುದು ಅವಳಿಗೆ ಮದುವೆಯಾದ ಮೇಲೆ ನನ್ನನ್ನು ನೋಡಿ ತಿಳಿದ ವಿಷಯ.

ಬೇಲಿಯ ಬಳಿಯೇ ನನ್ನ ಮುಖ ನೋಡಿದ ಡೇಲ್ ಒಂದು ಸಮಾಧಾನ ಹೇಳಿದ್ದ. ಅವರಲ್ಲಿ ಪದ್ಧತಿ ಹೀಗಂತೆ: ಒಬ್ಬ ಹಾಡುತ್ತಾನೆ, ಚರಣಗಳ ನಡುವೆ ಒಬ್ಬೊಬ್ಬರೇ ತನಿಯಾಗಿ ನುಡಿಸಬೇಕು. ಹಾಡುವವನು ಸುಮ್ಮನೆ ನಿಮ್ಮತ್ತ ನೋಡುತ್ತಾನೆ. ಬೇಕಾದರೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಒಪ್ಪಿಕೊಳ್ಳುವುದು, ಬೇಡವಾದರೆ ಆ ಕಡೆ ಈ ಕಡೆ ತಿರುಗಿಸಿ ಬೇಡವೆನ್ನುವುದು. ಸರದಿ ಮುಂದಿನವರಿಗೆ ಹೋಗುತ್ತದೆ, ಯಾರೂ ಎರಡನೆಯ ಸಲ ಕೇಳುವುದಿಲ್ಲ. ಇಷ್ಟು ಕರುಣೆಯುಳ್ಳ ಸಂಗೀತ ಪದ್ಧತಿಯನ್ನು ನಾನು ಕೇಳಿರಲಿಲ್ಲ. ವಾರವಿಡೀ ಕನ್ನಡಿಯ ಮುಂದೆ ನಿಂತು "ಬೇಡ" ಎಂದು ತಲೆಯಾಡಿಸುವುದನ್ನು ಅಭ್ಯಾಸ ಮಾಡಿದೆ. ಪಿಟೀಲಿನ ಅಭ್ಯಾಸ ಮಾಡಲಿಲ್ಲ.

ಶನಿವಾರ ನಾವು ಮೂವರೂ ಹೋದೆವು. ಸುಜಾತಾ ಶೇಂಗಾ ಹೋಳಿಗೆ ಮಾಡಿದ್ದಳು. ಯಾರಿಗಾದರೂ ಅಲರ್ಜಿಯಿದ್ದರೆ ಎಂದು ನಾನು ಡಬ್ಬಿಯ ಮೂರು ಕಡೆ ಚೀಟಿ ಅಂಟಿಸಿದ್ದೆ. ಗರಾಜಿನಲ್ಲಿ ಬಣ್ಣದ ದೀಪಗಳು, ಒಂದು ಹೀಟರು, ಹತ್ತು ಹನ್ನೆರಡು ಜನ. ನಾನು ಮೊದಲು ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ನೋಡಿಕೊಂಡು, ಆಮೇಲೆ ಎಲ್ಲರಿಗಿಂತ ಹಿಂದಿನ ಕುರ್ಚಿ ಹಿಡಿದೆ. ಸುತ್ತುಗಟ್ಟಿ ಕೂತಲ್ಲಿ ಹಿಂದು ಮುಂದು ಇರುವುದಿಲ್ಲ ಎಂಬುದು ಕೂತ ಮೇಲೆ ತಿಳಿಯಿತು. ಪಕ್ಕದಲ್ಲೇ ಕೈಗೆ ಪ್ಲಾಸ್ಟರು ಹಾಕಿದ ಮಾರ್ಲೀನ್.

ಮೊದಲ ಮೂರು ಹಾಡು ಕೆಳದನಿಯಲ್ಲಿ ಕಮಾನು ಎಳೆಯುತ್ತ, ಸರದಿ ಬಂದಾಗ ಕನ್ನಡಿಯಲ್ಲಿ ಕಲಿತಂತೆ "ಬೇಡ" ಎಂದು ಪಾರಾದೆ. ನಾಲ್ಕನೆಯದು ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಹಳೆಯ ಹಾಡು. ಡೇಲ್ ಎತ್ತರದ ಸ್ವರದಲ್ಲಿ ಎತ್ತಿಕೊಂಡ, ಅದರ ಮೇಲೊಂದು ಕೆಳಗೊಂದು ದನಿ ಸೇರಿ ಮೂರೂ ಒಂದೇ ಉಸಿರಿನಂತೆ ಏರಿ, ಒಂದು ಸ್ವರದ ಮೇಲೆ ನಿಂತವು. ಏನು ಹೇಳಲಿ, ನಮ್ಮ ಭೂಪ್ ರಾಗದ ಪಂಚಮದ ಮೇಲೆ ನಿಂತಂತಿತ್ತು. ನನ್ನ ಕಣ್ಣು ಮುಚ್ಚಿತು. ಇಂಥ ಕಡೆ ನಮ್ಮವರ ತಲೆ ಏನು ಮಾಡುತ್ತದೋ ನನ್ನದೂ ಅದನ್ನೇ ಮಾಡಿತು; ಈ ಭುಜದಿಂದ ಆ ಭುಜಕ್ಕೆ, ಮೆಲ್ಲಗೆ, ತೃಪ್ತಿಯಿಂದ ತೂಗಿತು.

ಕಣ್ಣು ಬಿಟ್ಟಾಗ ಡೇಲ್ ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು. ಬ್ಯಾಂಜೊ ತಗ್ಗಿ ದಾರಿ ಬಿಟ್ಟಿತ್ತು.

"ಅಪ್ಪಾ, ಯು ಸೆಡ್ ಯೆಸ್!" ಎಂದಳು ಮಗಳು ಅನಘಾ, ಹೋಳಿಗೆ ಬಾಯಲ್ಲಿಟ್ಟುಕೊಂಡೇ.

ನನ್ನ ಮೂರು "ಬೇಡ"ಗಳಂತೆ ತಲೆ ತಿರುಗಿರಲಿಲ್ಲ, ತೂಗಿತ್ತು; ಅವರೆಲ್ಲ ಅದನ್ನು ಹೂಂ ಎಂದೇ ತಿಳಿದಿದ್ದರು. ಕಮಾನು ತಂತಿಯ ಮೇಲಿತ್ತು. ಕೈ ಕಲ್ಲಾಗಲು ಶುರುವಾಯಿತು. ಒಂದು ಆವರ್ತನ ಹೋಯಿತು. ಹುಬ್ಬಳ್ಳಿಯ ಆ ಚಪ್ಪಾಳೆ ಇನ್ನೇನು ಕೇಳಿಸಬೇಕು, ಅಷ್ಟರಲ್ಲಿ ಮಾರ್ಲೀನ್ ಒಳ್ಳೆಯ ಕೈಯಿಂದ ನನ್ನ ಮೊಣಕೈಯನ್ನು ಮೆಲ್ಲಗೆ ತಳ್ಳಿದಳು, ನಿಂತ ಗಾಡಿಯನ್ನು ತಳ್ಳುವಂತೆ. ಮೊದಲು ಬಂದದ್ದು ಕೀಚಲು. ಅದರ ಹಿಂದೆಯೇ ಬೆರಳುಗಳು ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದವು: ಮಾಸ್ತರು ಮೊಟ್ಟಮೊದಲು ಕಲಿಸಿದ ಸ್ವರಸಾಧನೆ, ಭೂಪ್‌ನ ಪಲ್ಟಾಗಳು. ಅವು ಆ ಹಾಡಿನೊಳಗೆ ಹೊಕ್ಕು ಸ್ವಂತ ಮನೆಯಲ್ಲಿ ಕೂತಂತೆ ಕೂತವು. ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡ್ ಎಳೆದೆ, ಮ್ಯಾಂಡೊಲಿನ್‌ನವನು ಹೋ ಎಂದು ಕೂಗಿದ. ಆದರೆ ಮುಗಿಸುವುದು ಹೇಗೆಂದು ಡೇಲ್ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಹಾಗಾಗಿ ನಾವು ಮುಗಿಸುವ ಹಾಗೆ ಮುಗಿಸಿದೆ: ತಿಹಾಯಿ, ಒಂದೇ ತುಣುಕು ಮೂರು ಸಲ. ಮೊದಲ ಸಲ ಎಲ್ಲರೂ ಹುಬ್ಬೇರಿಸಿದರು. ಎರಡನೆಯದಕ್ಕೆ ಬೇಸಿನವನು ಹಲ್ಲು ಬಿಟ್ಟ. ಮೂರನೆಯದಕ್ಕೆ ಇಡೀ ಗರಾಜು ನನ್ನೊಂದಿಗೆ ತಾಳದ ಮೊದಲ ಪೆಟ್ಟಾದ ಸಮಕ್ಕೆ ಧುಮುಕಿ ನಿಂತಿತು.

ಗದ್ದಲ, ನಗು, ಚಪ್ಪಾಳೆ. ಅದು ಇಳಿದ ಮೇಲೆ ಡೇಲ್ ಹೇಳಿದ: "ಕೊನೆಯ ಚರಣ ಬಾಕಿ ಇತ್ತು ಮಾರಾಯ. ಮಗು ಹುಟ್ಟೋದು ಅದರಲ್ಲೇ." ಬಸುರಿ ತಾಯಿ ಇನ್ನೂ ಕೊಟ್ಟಿಗೆಯ ದಾರಿಯಲ್ಲಿರುವಾಗಲೇ ನಾನು ಹಾಡು ಮುಗಿಸಿದ್ದೆ. ಮತ್ತೆ ಶುರುಮಾಡಿ ಮಗುವನ್ನು ಸುಸೂತ್ರವಾಗಿ ಹುಟ್ಟಿಸಿದೆವು. ಮಾರ್ಲೀನ್ ಆ ಮೂರರ ಲೆಕ್ಕವನ್ನು ಪ್ಲಾಸ್ಟರಿನ ಮೇಲೆ ತಟ್ಟುತ್ತ ಕಲಿಯುತ್ತಿದ್ದಳು. ಮಾಸ್ತರು ಇದ್ದಿದ್ದರೆ, ಎಂದುಕೊಂಡೆ. ಇದ್ದಿದ್ದರೆ ಈ ಸಲ "ಹೋಗ್ಲಿ ಬಿಡಪಾ" ಎನ್ನುತ್ತಿರಲಿಲ್ಲ.

ಹೊರಡುವಾಗ ನನ್ನ ಪ್ರಾಮಾಣಿಕತೆ ಸುಮ್ಮನಿರಲಿಲ್ಲ. "ಡೇಲ್, ನಾನು ಹೂಂ ಅಂದಿರಲಿಲ್ಲ. ನಮ್ಮಲ್ಲಿ ಹಾಗೆ ತಲೆ ತೂಗಿದರೆ ಬಹಳ ಚೆನ್ನಾಗಿದೆ ಅಂತ ಅರ್ಥ."

"ಚೆನ್ನಾಗಿದೆ ಅನಿಸಿದ್ದಕ್ಕೇ ಅಲ್ವಾ ಎಲ್ಲರೂ ನುಡಿಸೋದು?" ಎಂದ ಅವನು, ಖಾಲಿ ಡಬ್ಬಿ ನನ್ನ ಕೈಗಿಡುತ್ತ. "ಜನವರಿಯಿಂದ ಪ್ರತಿ ಶನಿವಾರ ಸೇರ್ತೀವಿ. ಬರ್ತೀಯಾ?"

ನಲವತ್ತೊಂಬತ್ತು ವರ್ಷ ಚಿಂತೆಯನ್ನಷ್ಟೇ ಹೊತ್ತ ತಲೆ ಇದು. ನನ್ನನ್ನು ಕೇಳದೆ ಒಂದೇ ಒಂದು ಸಲ ತಾನಾಗಿ ತೂಗಿತು, ಅದಕ್ಕೆ ನಾನು ಕೃತಜ್ಞ. ಆದರೆ ಪ್ರತಿ ಶನಿವಾರ ಎಂದರೆ ಗ್ರೋಸರಿ ಯಾವಾಗ, ಪಾರ್ಕಿಂಗು ಎಲ್ಲಿ ಎಂದು ಯೋಚಿಸಿದೆ. ಪಕ್ಕದ ಮನೆಗೆ ಪಾರ್ಕಿಂಗು ಬೇಕಿಲ್ಲ ಎಂದು ಹೊಳೆಯುವಷ್ಟರಲ್ಲಿ ಡೇಲ್ "ಗ್ರೇಟ್, ಎರಡು ಗಂಟೆಗೆ" ಎಂದು ಒಳಗೆ ಹೋಗಿಯಾಗಿತ್ತು.

"ನಾನೇನು ಹೇಳಿದೆ?" ಎಂದು ಸುಜಾತಾಳನ್ನು ಕೇಳಿದೆ.

"ನೀವೇನೂ ಹೇಳ್ಲಿಲ್ರೀ," ಎಂದಳು ಅವಳು. "ನಿಮ್ ತಲಿ ಹೇಳ್ತು."