ಗಿಣಿ ಚಡ್ಡಿ ತಂದ ಕೀರ್ತಿ

ಲೋಕದಲ್ಲಿ ಬೆಕ್ಕು ಆಕಳಿಸಿದರೆ ಹತ್ತು ಲಕ್ಷ ಜನ ನೋಡುತ್ತಾರೆ. ಹದಿನೆಂಟು ವರ್ಷ ಒಂದೇ ಕಚೇರಿಯಲ್ಲಿ ಫೈಲು ಜೋಡಿಸಿದ ನನ್ನನ್ನು ಪಕ್ಕದ ಮೇಜಿನವನೂ ತಲೆಯೆತ್ತಿ ನೋಡುವುದಿಲ್ಲ. ಇದೆಂಥ ಅನ್ಯಾಯ! ವಾರದೊಳಗೆ ಇಂಟರ್ನೆಟ್ಟಿನಲ್ಲಿ ಮಿಂಚದಿದ್ದರೆ ಮೀಸೆ ಬೋಳಿಸುತ್ತೇನೆಂದು ಶಪಥ ಮಾಡಿದೆ.

"ಯಾವ ವಿದ್ಯೆ ತೋರಿಸ್ತೀರಿ?" ಎಂದಳು ನನ್ನವಳು, ಹೊಲಿಗೆ ಮೆಷಿನ್ನಿನಿಂದ ಕಣ್ಣೆತ್ತದೆ. ಅರ್ಧ ಊರಿನ ಬಟ್ಟೆ ಹೊಲಿಯುವವಳು ಅವಳೇ.

"ನಲ್ಲಿ ರಿಪೇರಿ. ಅಡುಗೆಮನೆ ನಲ್ಲಿ ತೊಟ್ಟಿಕ್ತಿದೆಯಲ್ಲ, ಅದನ್ನೇ."

"ಅದು ತೊಟ್ಟಿಕ್ಕೋಕೆ ಶುರುವಾಗಿದ್ದೇ ಹೋದ ಸಲ ನೀವು ರಿಪೇರಿ ಮಾಡಿದ್ಮೇಲೆ."

ಮಹಾಪುರುಷರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಸೊಂಟ ಹಿಡಿದುಕೊಂಡಿದೆ, ಬಗ್ಗೋಕೂ ಆಗ್ತಿಲ್ಲ ಎಂದು ಸಾಹೇಬರಿಗೆ ಫೋನಿನಲ್ಲಿ ನರಳಿ ರಜೆ ಹಾಕಿದೆ. ನನ್ನ ಬಡ್ತಿಯ ಕಾಗದ ಅವರ ಸಹಿಗಾಗಿ ಕಾಯುತ್ತಿದೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಒದ್ದೆಯಾದರೂ ಪರವಾಗಿಲ್ಲವೆಂದು ಗಿಣಿ ಚಡ್ಡಿ ಹಾಕಿಕೊಂಡೆ. ಯಾರದೋ ಮನೆಯ ಕಿಟಕಿ ಪರದೆ ಹೊಲಿದು ಉಳಿದ ಬಟ್ಟೆಯಲ್ಲಿ ನನ್ನವಳು ಹೊಲಿದುಕೊಟ್ಟದ್ದು. ಹಳದಿ ಬಟ್ಟೆ, ಅದರ ತುಂಬ ಕೆಂಪು ಗಿಣಿಗಳು.

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಗುಂಡಿ ಒತ್ತಿ, ಸಿಂಕಿನ ಕೆಳಗೆ ತೂರಿದೆ. "ಬಂಧುಗಳೇ, ನಲ್ಲಿಗೆ ಹೆದರಬೇಡಿ" ಎಂದು ಉಪದೇಶ ಶುರುಮಾಡಿ ಸ್ಪ್ಯಾನರ್ ತಿರುಗಿಸಿದೆ. ಪೈಪು ಕೈಗೆ ಬಂತು, ನೀರು ಮೂಗಿಗೆ ಬಂತು. "ಬಾರೇ, ಸತ್ತೆ ಕಣೇ!" ಎಂದು ಅರಚಿದೆ. ಹೊರಗೆ ಕಾಣುತ್ತಿದ್ದದ್ದು ಗಿಣಿಗಳು ಮತ್ತು ಒದ್ದಾಡುವ ಎರಡು ಕಾಲು ಮಾತ್ರ.

ಅವಳು ನಿಧಾನವಾಗಿ ಬಂದು ಗೋಡೆಯ ವಾಲ್ವ್ ತಿರುಗಿಸಿದಳು. "ಮೊದಲು ನೀರು ನಿಲ್ಲಿಸ್ಬೇಕು, ಆಮೇಲೆ ಬಾಯಿ ಬಿಡ್ಬೇಕು."

ನಾನು ಒತ್ತಿದ್ದು ರೆಕಾರ್ಡಿನ ಗುಂಡಿಯಲ್ಲ, ನೇರ ಪ್ರಸಾರದ್ದು! ಗೊತ್ತಾದೊಡನೆ ಅಳಿಸಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಇಳಿಸಿಕೊಂಡು, ಹಿಂದೆ ಡೋಲು ಬಾರಿಸಿ, ಊರಿಗೆಲ್ಲ ಹಂಚಿದ್ದರು. ಮಧ್ಯಾಹ್ನಕ್ಕೆ ನಲವತ್ತು ಸಾವಿರ ಜನ ನೋಡಿದ್ದರು, ಸಂಜೆಗೆ ಎರಡು ಲಕ್ಷ. ಬೆಳಿಗ್ಗೆ ಒಬ್ಬರಾದರೂ ನೋಡಲಿ ಎಂದು ಹಂಬಲಿಸಿದವನು ಈಗ ಒಬ್ಬರೇ ಒಬ್ಬರು ನೋಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ರಾತ್ರಿ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ.

"ಸಾಹೇಬರು ನೋಡಿಬಿಟ್ರೆ ಬಡ್ತಿ ಹೋಯ್ತು ಕಣೇ."

"ಮುಖ ಎಲ್ಲೂ ಕಾಣಲ್ಲ. ಸುಮ್ನೆ ಊಟ ಮಾಡಿ."

ಮರುದಿನ ಸೊಂಟದ ಮೇಲೆ ಕೈಯಿಟ್ಟು, ಕುಂಟುತ್ತ ಕಚೇರಿ ಮೆಟ್ಟಿಲು ಹತ್ತಿದೆ. ಕುರ್ಚಿಗೆ ಒರಗುವ ಮೊದಲೇ ಕರೆ ಬಂತು. ಸಾಹೇಬರ ಕೈಯಲ್ಲಿ ಫೋನು, ಫೋನಿನಲ್ಲಿ ನನ್ನ ಕಾಲು.

"ಈ ಗಿಣಿ ಚಡ್ಡಿಯವನನ್ನ ನೋಡಿದ್ರಾ?"

"ಯಾರೋ ಮುಟ್ಠಾಳ, ಸಾರ್."

ಜನ್ಮದಲ್ಲಿ ಒಮ್ಮೆ ಬಂದ ಕೀರ್ತಿಯನ್ನು ಹೀಗೆ ಕೈಯಾರೆ ನೀರಿಗೆ ಹಾಕಿದೆ.

"ಸೊಂಟ ಚೆನ್ನಾಗಿ ಬಗ್ಗುತ್ತೆ ಇವನದು."

"ಪುಣ್ಯವಂತ, ಸಾರ್" ಎಂದು ನನ್ನ ಸೊಂಟ ಸವರಿಕೊಂಡೆ. ಗೆದ್ದೆ ಅನ್ನಿಸಿತು.

ಸಾಹೇಬರು ಫೋನು ಕೆಳಗಿಟ್ಟರು. "ಈ ಬಟ್ಟೆ ನಾನೇ ಅಂಗಡಿ ಅಂಗಡಿ ಸುತ್ತಿ ತಂದಿದ್ದು ಕಣ್ರೀ, ನಮ್ಮನೆ ಮೂರು ಕಿಟಕಿಗೆ. ಎರಡಕ್ಕೇ ಮುಗೀತು, ಮೂರನೇದಕ್ಕೆ ಸಾಲಲಿಲ್ಲ ಅಂದ್ರಂತೆ ಹೊಲಿಯೋರು. ಹೊಲಿದೋರು ಯಾರು ಅಂತ ನಿನ್ನೆ ನಮ್ಮನೆಯವಳನ್ನ ಕೇಳ್ದೆ. ನಿಮ್ಮ ಹೆಂಡತೀನಂತೆ."

ಸೊಂಟದ ಮೇಲಿನ ಕೈ ತಾನಾಗಿ ಜಾರಿತು. ಕುಂಟುತ್ತಿದ್ದ ಕಾಲು ನೆಟ್ಟಗೆ ನಿಂತಿತು.

ಅವರು ನನ್ನ ಬಡ್ತಿಯ ಕಾಗದವನ್ನು ಡ್ರಾಯರಿನ ಒಳಕ್ಕೆ ತಳ್ಳಿ ಬೀಗ ಹಾಕಿದರು. "ಇದನ್ನ ಮುಂದಿನ ವರ್ಷ ನೋಡೋಣ. ನಾಳೆ ಬರೋವಾಗ ಆ ಚಡ್ಡಿ ಒಗೆದು, ಇಸ್ತ್ರಿ ಮಾಡಿ ತನ್ನಿ. ಉಳಿದಿರೋದು ಬಚ್ಚಲುಮನೆ ಕಿಟಕಿ, ಅಷ್ಟು ಬಟ್ಟೆ ಸಾಕು."