ಮಿಷಿನ್ ಅವನದು, ಬುಡ್ಡಿ ನನ್ನದು

ಇಬ್ಬರು ಗೆಳೆಯರು ಸೇರಿ ಅಂಗಡಿ ಇಟ್ಟರೆ ನಗೆಪಾಟಲಿಗೇನೂ ಬರವಿರುವುದಿಲ್ಲ. ಯುದ್ಧದ ಕಾಲದಲ್ಲಿ, ನೆಲಮಂಗಲದಲ್ಲಿ ಬಸ್ಸು ನಿಲ್ಲುವ ಕಡೆ, ನಾನೂ ನನ್ನ ಗೆಳೆಯನೂ ಗೋಲಿ ಸೋಡಾ ಅಂಗಡಿ ತೆರೆದೆವು. ನಡೆದದ್ದು ಒಂದೇ ವರ್ಷ. ಆ ವರ್ಷ ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಈಗ ನೆನೆಸಿಕೊಂಡರೆ ನಗುವಿಗಿಂತ ಮೊದಲು ಸಂಕಟವಾಗುತ್ತದೆ.

ಯಜಮಾನನಿಲ್ಲದ ಅಂಗಡಿ

ಮೊದಲ ದಿನವೇ ಶೇಕದಾರರು ಬಂದರು. ಕಂದಾಯದ ಅಧಿಕಾರಿ, ಅವರು ಕೆಮ್ಮಿದರೆ ಊರೇ ಎದ್ದು ನಿಲ್ಲುತ್ತಿತ್ತು. ಗೆಳೆಯ ಸೋಡಾ ತುಂಬುವ ಗಾಜಿನ ಬುಡ್ಡಿಗಳನ್ನು ಮಿಷಿನ್ನಿಗೆ ಸಿಕ್ಕಿಸಿ, ಗ್ಯಾಸು ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸಿದ. ಗ್ಯಾಸು ಹೆಚ್ಚಾಯಿತೋ ಉತ್ಸಾಹ ಹೆಚ್ಚಾಯಿತೋ, ಒಂದು ಬುಡ್ಡಿ ಢಮ್ ಅಂದಿತು. ಗಾಜು ಮಿಷಿನ್ನಿನ ಸುತ್ತಲ ತಂತಿಬಲೆಯೊಳಗೇ ಉಳಿಯಿತು. ನೀರೆಲ್ಲಾ ಶೇಕದಾರರ ಸರಿಗೆ ಪೇಟದ ಮೇಲೆ.

"ಯಾರಯ್ಯಾ ಇಲ್ಲಿ ಯಜಮಾನ?" ಎಂದು ಗುಡುಗಿದರು.

"ಇವನೇ ಸ್ವಾಮಿ" ಎಂದು ನಾನು ಗೆಳೆಯನನ್ನು ತೋರಿಸಿದೆ. ಅಷ್ಟರಲ್ಲಿ ಅವನ ಬೆರಳು ನನ್ನ ಮೂಗಿನ ಮುಂದಿತ್ತು.

ಶೇಕದಾರರು ಪೇಟ ಹಿಂಡಿಕೊಂಡು, "ಯಜಮಾನನೇ ಇಲ್ಲದ ಅಂಗಡೀನ ಇವತ್ತೇ ಕಣಯ್ಯಾ ನೋಡಿದ್ದು" ಎಂದು ನಗುತ್ತಾ ಹೋದರು.

ಆರಿಸಿದ ಸೋಡಾ

ಶಿವಗಂಗೆಗೆ ಹೊರಟಿದ್ದ ಅಜ್ಜಿಯೊಬ್ಬರು ಸೋಡಾ ಕೇಳಿದರು. ನಾನು ಗೋಲಿ ಒತ್ತಿ ಲೋಟಕ್ಕೆ ಬಗ್ಗಿಸಿದೆ. ಅಜ್ಜಿ ಲೋಟ ನೋಡಿ ಹಿಂದೆ ಸರಿದರು.

"ಕೊತಕೊತ ಕುದೀತಾ ಐತಲ್ಲಪ್ಪಾ! ಬಾಯಿ ಸುಟ್ಟೋಗಲ್ವಾ?"

ಎಷ್ಟು ಹೇಳಿದರೂ ಕೇಳಲಿಲ್ಲ. ಲೋಟವನ್ನು ಜಗಲಿ ಮೇಲಿಟ್ಟು ಸೆರಗಿನಿಂದ ಗಾಳಿ ಬೀಸುತ್ತಾ ಕುಳಿತರು. ಗುಳ್ಳೆಯೆಲ್ಲಾ ಅಡಗಿದ ಮೇಲೆ ಒಂದೇ ಗುಕ್ಕಿಗೆ ಕುಡಿದು, "ಈಗ ಸರ್‍ಯಾಗೈತೆ" ಎಂದರು.

ಗೆಳೆಯ ತನ್ನ ರಟ್ಟೆ ನೀವಿಕೊಳ್ಳುತ್ತಾ, "ಲೇ, ಇವರಿಗೆ ಬಾವಿ ನೀರೇ ಕೊಟ್ಟಿದ್ರೆ ಆಗ್ತಿರ್ಲಿಲ್ವೇನೋ!" ಅಂದ.

ಪ್ರಾರ್ಥನೆ

ಸೋಡಾ ಅಂದರೆ ಹೊಟ್ಟೆನೋವಿನ ಔಷಧಿ ಅಂತಲೇ ಜನ ನಂಬಿದ್ದರು. ಹಬ್ಬದ ಮಾರನೆಯ ದಿನ ಅಂಗಡಿ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೆಳೆಯ ದೇವರ ಪಟಕ್ಕೆ ಕೈಮುಗಿದು, "ಎಲ್ರಿಗೂ ಹೊಟ್ಟೆ ತುಂಬ ಊಟ ಕೊಡಪ್ಪಾ" ಅನ್ನುತ್ತಿದ್ದ. ಎಂಥ ಒಳ್ಳೇ ಮನಸ್ಸು ಅಂದುಕೊಳ್ಳುವಷ್ಟರಲ್ಲಿ ಮೆಲ್ಲಗೆ ಸೇರಿಸುತ್ತಿದ್ದ: "ಸ್ವಲ್ಪ ಜಾಸ್ತೀನೇ ಕೊಡು."

ದೇವರು ಕೇಳಿಸಿಕೊಂಡ. ವರ್ಷ ತುಂಬುವುದರೊಳಗೆ ಸುತ್ತಲ ಮದುವೆಗಳಿಗೆಲ್ಲಾ ನಮ್ಮದೇ ಸೋಡಾ.

ಒಂದೇ ತಟ್ಟೆ

ಅರಿಶಿನಕುಂಟೆಯ ದೊಡ್ಡ ಮನೆಯೊಂದರ ಮದುವೆಗೆ ಗಾಡಿ ತುಂಬ ಸೋಡಾ ಒಯ್ದೆವು. ಬೀಗರಿಗೆ ಬಹಳ ಹಿಡಿಸಿತು. ಹೆಣ್ಣಿನ ತಂದೆ ತೆಂಗಿನಕಾಯಿ, ತಾಂಬೂಲ, ಮೇಲೊಂದು ಶಲ್ಯ ಇಟ್ಟ ತಟ್ಟೆ ಹಿಡಿದು ಚಪ್ಪರದ ನಡುವೆ ಬಂದು, "ಸೋಡಾ ಅಂಗಡಿ ಯಜಮಾನ್ರು ಯಾರಪ್ಪಾ?" ಎಂದು ಕೇಳಿದರು.

"ನಾನೇ" ಅಂದೆ. ಅವನೂ ಅಂದ.

ನಾಲ್ಕು ಕೈ ತಟ್ಟೆಗೆ ಬಿದ್ದವು. ಯಾರೂ ಬಿಡಲಿಲ್ಲ. ಶಲ್ಯ ಜಾರಿತು, ತೆಂಗಿನಕಾಯಿ ಉರುಳಿಕೊಂಡು ಹೋಗಿ ಊಟಕ್ಕೆ ಕುಳಿತಿದ್ದ ಶೇಕದಾರರ ಎಲೆಯ ಮುಂದೆ ನಿಂತಿತು.

ಅವರು ತಲೆ ಎತ್ತಿ ನೋಡಿ, "ಅವತ್ತು ಒಬ್ಬನೂ ಇರ್ಲಿಲ್ಲ, ಇವತ್ತು ಇಬ್ಬರೇನಯ್ಯಾ?" ಎಂದರು. ಚಪ್ಪರವೆಲ್ಲಾ ನಕ್ಕಿತು. ನಾವಿಬ್ಬರು ಮಾತ್ರ ನಗಲಿಲ್ಲ.

ಪಾಲು

ಮಾರನೆಯ ದಿನವೇ ಪಾಲಾಯಿತು. "ತಿರುಗಿಸಿದೋನು ನಾನು, ಮಿಷಿನ್ ನಂದು" ಅಂದ. "ತೊಳೆದೋನು ನಾನು, ಬುಡ್ಡಿಯೆಲ್ಲಾ ನಂದು" ಅಂದೆ. ಅವನು ಮಿಷಿನ್ ಹೊತ್ತುಕೊಂಡು ಎದುರಿಗೆ ಅಂಗಡಿ ಇಟ್ಟ. ಯುದ್ಧದ ಕಾಲ, ಪೇಟೆಯಲ್ಲಿ ಹೊಸ ಸಾಮಾನಿಗೆ ಬರ, ನನಗೆ ಮಿಷಿನ್ ಸಿಗದು, ಅವನಿಗೆ ಬುಡ್ಡಿ ಸಿಗದು. ಇಬ್ಬರೂ ಬಾಗಿಲು ತೆರೆದುಕೊಂಡು ಬೀದಿ ನೋಡುತ್ತಾ ಕೂತೆವು.

ಒಂದು ಮಧ್ಯಾಹ್ನ ಶಿವಗಂಗೆ ಬೆಟ್ಟ ಹತ್ತಿಳಿದು ಬಂದವನೊಬ್ಬ ನನ್ನನ್ನು ಸೋಡಾ ಕೇಳಿದ.

"ಬುಡ್ಡಿ ಇದೆ. ತುಂಬಿಸೋ ಮಿಷಿನ್ ಎದುರಿಗಿದೆ" ಅಂದೆ.

ಎದುರಿಗೆ ಹೋದ. "ಮಿಷಿನ್ ಐತೆ, ಬುಡ್ಡಿ ಆ ಕಡೆ" ಅಂದ ಗೆಳೆಯ.

ಆತ ಬಿಸಿಲಲ್ಲಿ, ನಡುರಸ್ತೆಯಲ್ಲಿ ನಿಂತು ಕೂಗಿದ: "ಯಾವನ್ರೀ ಈ ಅಂಗಡಿ ಯಜಮಾನ?"

ಬೈಯುವ ದನಿ ಕೇಳಿದ್ದೇ ತಡ, ನನ್ನ ಬೆರಳು ತಾನಾಗಿ ಗೆಳೆಯನ ಕಡೆ ಹೋಯಿತು. ಅವನ ಬೆರಳು ನನ್ನ ಕಡೆ ಚಾಚಿತ್ತು.

ಅವನಿಗೆ ನಗು ಬಂತು, ನನಗೂ ಬಂತು. ಅವನೇ ಬರಲಿ ಅಂತ ನಾನು ನಿಂತೆ, ನಾನೇ ಬರಲಿ ಅಂತ ಅವನು ನಿಂತ. ಬಾಯಾರಿದ್ದವನು ಇಬ್ಬರನ್ನೂ ನೋಡಿ, ಬಾವಿ ನೀರು ಕುಡಿದು ಹೋದ.