ಚಪ್ಪಲಿ ಹಾಕಿದ ಆನೆ

ಆನೆ ಬಂದರೆ?

ಚಪಾತಿ ಲಟ್ಟಿಸುವಾಗ, ಮಗಳ ಜಡೆ ಹೆಣೆಯುವಾಗ, ಕೊನೆಗೆ ಹಲ್ಲುಜ್ಜುವಾಗಲೂ ಸ್ಪಂದನಾಳ ತಲೆಯಲ್ಲಿ ಅದೊಂದೇ ಪ್ರಶ್ನೆ. ಭಾನುವಾರ ದುದ್ದದ ಆಚೆಯ ಸರ್ಕಾರಿ ಕಾಡಿನಲ್ಲಿ ಟೆಂಟು ಹಾಕೋಣ ಎಂದು ಗಂಡ ಶಶಿಕುಮಾರ್ ಹೇಳಿದ್ದೇ ತಡ, ಆನೆಯೊಂದು ಅವಳ ಮಿದುಳಿನಲ್ಲಿ ಬೀಡುಬಿಟ್ಟಿತ್ತು.

"ಆ ಕಾಡಲ್ಲಿ ಆನೆ ಇಲ್ಲ ಕಣೇ. ನಾನು ಹುಟ್ಟಿದ್ದೇ ದುದ್ದದಲ್ಲಿ. ಅಲ್ಲಿರೋದು ನವಿಲು, ಮೊಲ, ಬಿಟ್ರೆ ನಮ್ಮೂರ ದನ."

"ಸಕಲೇಶಪುರದಿಂದ ನಡ್ಕೊಂಡು ಬಂದ್ರೆ?"

"ಬಸ್ಸು ಹತ್ತಿ ಬರಲ್ವಲ್ಲ, ಪುಣ್ಯ!"

ಆದರೆ ಈ ಸಲ ಸ್ಪಂದನಾ ಸೋಲುವಂತಿರಲಿಲ್ಲ. ನಾಲ್ಕು ವರ್ಷದ ಧನ್ಯಾ ಹಲ್ಲಿ ಕಂಡರೂ ಚೀರುತ್ತಿದ್ದಳು. "ಮಗು ಹೆದರೋದನ್ನ ನಿಮ್ಮಿಂದಲೇ ಕಲೀತಿದೆ" ಎಂದು ಶಾಲೆಯ ಮಿಸ್ಸು ಹೇಳಿದ ಮಾತು ಎದೆಗೆ ನಾಟಿತ್ತು. ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನೋಡ್ತಿರಿ! ಇವತ್ತು ಸಂಜೆವರೆಗೂ ನನ್ನ ಬಾಯಲ್ಲಿ ಒಂದೇ ಒಂದು 'ಅಯ್ಯೋ' ಬಂದ್ರೆ ಕೇಳಿ. ನನ್ನ ಮಗಳು ಇವತ್ತು ವೀರಮಾತೆಯನ್ನ ನೋಡ್ತಾಳೆ!"

"ಸರಿ ತಾಯಿ. ಈ ಉಪ್ಪಿನ ಪ್ಯಾಕೆಟ್ಟುಗಳು ಯಾಕೆ?"

"ಜಿಗಣೆಗೆ."

"ಈ ಬಿಸಿಲಲ್ಲಿ ಜಿಗಣೆ ಬಂದ್ರೆ ಪಾಪ, ಅದಕ್ಕೇ ನಾವು ನೀರು ಕೊಡಬೇಕು ಕಣೇ!"

ಕಾಡು ತಲುಪಿದ ಮೇಲೆ ಶಶಿ ಹಸಿರು ಚೀಲದಲ್ಲಿದ್ದ ಎರವಲು ಟೆಂಟನ್ನು ಹೆಗಲಿಗೇರಿಸಿದ. "ಐದೇ ನಿಮಿಷ. ನೀವಿಬ್ಬರೂ ಬರೋಷ್ಟರಲ್ಲಿ ಅರಮನೆ ರೆಡಿ!" ಸ್ಪಂದನಾ ಮಗಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದಳು.

ಮರಳಿ ಬರುವಾಗ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು.

ಲಂಟಾನ ಪೊದೆಯ ಹಿಂದೆ ಬೂದು ಬಣ್ಣದ ಭಾರಿ ಬೆನ್ನೊಂದು ತೂಗಾಡುತ್ತಿತ್ತು! ಪಟಪಟ ಬಡಿಯುವ ಕಿವಿ! ಮೇಲೆದ್ದು ಕೆಳಗಿಳಿಯುವ ಸೊಂಡಿಲು! ಕಡ್ಡಿಗಳು ಲಟಲಟ ಮುರಿಯುವ ಸದ್ದು. ನಡುನಡುವೆ ಒಳಗಿಂದ ಘೋರವಾದ ಹೂಂಕಾರ.

"ಅಮ್ಮಾ, ಆನೆ ಚಪ್ಪಲಿ ಹಾಕ್ಕೊಂಡಿದೆ!" ಎಂದಳು ಧನ್ಯಾ.

"ಶ್! ಬಾಯ್ಮುಚ್ಚು!"

ವೀರಮಾತೆ ಹೇಗೋ ಒಂದು ಫೋಟೋ ಹೊಡೆದು, ಅಲ್ಲಿನ ಬೋರ್ಡಿನಲ್ಲಿದ್ದ ಗಾರ್ಡ್ ರಾಮಣ್ಣನ ನಂಬರಿಗೆ ಕಳಿಸಿ, ಮಗಳನ್ನು ಬಾಚಿಕೊಂಡು ಓಡಿದಳು. ದಾರಿಯುದ್ದಕ್ಕೂ ಉದುರಿದ 'ಅಯ್ಯೋ'ಗಳನ್ನು ಆರಿಸಿದ್ದರೆ ಒಂದು ಮೊರ ತುಂಬುತ್ತಿತ್ತು.

ರಾಮಣ್ಣ ಸೀಟಿ ಊದಿದ. ಕಾಡಿಗೆ ಬಂದಿದ್ದವರೆಲ್ಲ ತಟ್ಟೆಯ ಚಿತ್ರಾನ್ನ ತಟ್ಟೆಯಲ್ಲೇ ಬಿಟ್ಟು ಗೇಟಿನ ಬಳಿಯ ಅವನ ಶೆಡ್ಡಿಗೆ ನುಗ್ಗಿದರು. "ನಮ್ಮ ಯಜಮಾನ್ರು ಅಲ್ಲೇ ಉಳಿದುಬಿಟ್ರು!" ಎಂದು ಸ್ಪಂದನಾ ಗೋಳಾಡಿದಳು. ಆ ಮಾತು ದುದ್ದ ಮುಟ್ಟುವ ಹೊತ್ತಿಗೆ ಅವಳ ಯಜಮಾನರು ಸೊಂಡಿಲಿನ ತುದಿಯಲ್ಲಿದ್ದರು. ಊರಿನ ಅಂಗಡಿಗಳ ಬಾಗಿಲು ಸರಸರನೆ ಬಿದ್ದವಂತೆ!

ಅತ್ತ ರಾಮಣ್ಣ ಮೇಲಧಿಕಾರಿಗೆ ವರದಿ ಒಪ್ಪಿಸುತ್ತಿದ್ದ. "ಊಂ ಸಾ, ನಾನೇ ಕಣ್ಣಾರೆ ಕಂಡೆ ಸಾ. ದಂತ ಇಷ್ಟುದ್ದ ಐತೆ ಸಾ!" ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಮರೆತು ಕೈ ಚಾಚಿ ತೋರಿಸಿದ.

ಅಷ್ಟರಲ್ಲಿ ಗೇಟಿಗೆ ಒಬ್ಬ ಮುದುಕಿ ಬಂದಳು, ದುದ್ದದ ಲಕ್ಕಮ್ಮ. "ನನ್ ಅಸ ಒಳಗೈತೆ ಕಣ್ಲಾ ರಾಮಣ್ಣ. ದಿನ ತುಂಬೈತೆ, ಇವತ್ತೋ ನಾಳೆನೋ ಕರ ಆಕ್ತದೆ. ಬುಡ್ಲಾ, ಓಯ್ತೀನಿ."

"ಆನೆ ತುಳುದ್ರೆ ನನ್ ಕೆಲ್ಸ ಓಯ್ತದೆ ಕಣಜ್ಜಿ. ಕೂತ್ಕೋ ಅಂಗೇ."

ಲಕ್ಕಮ್ಮ ಕೋಲು ಕೆಳಗಿಟ್ಟು ಕಾಡಿನತ್ತ ಮುಖ ಮಾಡಿ ಕುಕ್ಕರಿಸಿದಳು.

ಆಗ ಶಶಿ ಬಂದ! ತಲೆತುಂಬ ಎಲೆ, ತರಚಿದ ಮೊಣಕೈ. "ಬದುಕಿ ಬಂದ್ಬುಟ್ರು!" ಎಂದು ಜನ ಚಪ್ಪಾಳೆ ತಟ್ಟಿದರು. ಯಾರೋ ಎಳನೀರು ಕೊಟ್ಟರು. ಏನೂ ಅರ್ಥವಾಗದಿದ್ದರೂ ಅವನು ಕುಡಿದ. "ಒಳಗೆ ದಿನ ತುಂಬಿದ ನನ್ ಅಸ ಕಂಡ್ಯೇನಪ್ಪ?" ಎಂದು ಲಕ್ಕಮ್ಮ ಅವನನ್ನೂ ಕೇಳಿದಳು. ಸ್ಪಂದನಾ ಅವನನ್ನು ಮೂಲೆಗೆಳೆದಳು.

"ರೀ, ಆನೆ ಏನೂ ಮಾಡ್ಲಿಲ್ವಾ?"

"ಯಾವ ಆನೆ? ಟೆಂಟಿನೊಳಗೆ ಸಿಕ್ಕಾಕ್ಕೊಂಡು 'ಸ್ಪಂದನಾ, ಸ್ಪಂದನಾ' ಅಂತ ಗಂಟಲು ಹರ್ಕೋತಿದ್ದೆ. ಕೇಳಿಸ್ಲಿಲ್ವಾ ನಿಂಗೆ?"

ಅವಳು ಫೋಟೋ ತೋರಿಸಿದಳು. ಶಶಿ ಅದನ್ನು ಹಿಗ್ಗಿಸಿ ನೋಡಿದ. "ಲೇ, ಇದು ನನ್ನ ಕಾಲು ಕಣೇ!"

ಸ್ಪಂದನಾಳ ಮುಖ ಬೂದು ಟೆಂಟಿನ ಬಣ್ಣಕ್ಕೆ ತಿರುಗಿತು. "ಸುಮ್ನೆ ಹೊರಟುಬಿಡೋಣ ರೀ. ಆನೆ ತಾನಾಗೇ ಹೋಯ್ತು ಅಂದ್ಕೋತಾರೆ."

"ಆ ಅಜ್ಜಿ ಹಸು?"

ಅವಳು ಲಕ್ಕಮ್ಮನ ಕಡೆಗೊಮ್ಮೆ, ಗೇಟಿನ ಕಡೆಗೊಮ್ಮೆ ನೋಡಿದಳು. ಧನ್ಯಾ ಸೆರಗು ಜಗ್ಗಿದಳು. "ಅಮ್ಮಾ, ಹೇಳಕ್ಕೆ ಭಯನಾ?"

ಅಬ್ಬಾ, ಮಗು ಕಲಿಯುತ್ತಿದೆ! ಆನೆಗಿಂತ ದೊಡ್ಡದಾಗಿ ಕಂಡಿತು ಆ ಪ್ರಶ್ನೆ. ಹೇಳಲೇಬೇಕು. ಆದರೆ ಇಷ್ಟು ಜನರ ಎದುರಿಗೆ, ಬಾಯಿಬಿಟ್ಟು? ಸಾಧ್ಯವೇ ಇಲ್ಲ! ಸ್ಪಂದನಾ ಕಂಬದ ಹಿಂದೆ ಸರಿದು, ನಾಲ್ಕು ಮಾರು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ರಾಮಣ್ಣನಿಗೇ ಫೋನು ಮಾಡಿದಳು.

"ಅಲೋ, ಯಾರು?"

"ನಾನು ರೀ, ಫೋಟೋ ಕಳಿಸಿದೋಳು. ತಿರುಗಬೇಡಿ! ಆ ಆನೆ... ಅದು ನಮ್ಮದೇ ಟೆಂಟು. ಒಳಗಿದ್ದಿದ್ದು ನಮ್ಮ ಯಜಮಾನ್ರು. ಆ ಅಜ್ಜೀನ ಬಿಟ್ಟುಬಿಡಿ, ಪ್ಲೀಸ್."

ರಾಮಣ್ಣನ ಫೋನು ಕಿವಿಗಿಟ್ಟರೆ ಕೇಳುತ್ತಿರಲಿಲ್ಲ. ಅದು ಸ್ಪೀಕರಿನಲ್ಲಿ ಮಾತ್ರ ಮಾತಾಡುವ ಫೋನು. ಶೆಡ್ಡಿನ ತಗಡಿಗೆಲ್ಲ ಸ್ಪಂದನಾಳ ಧ್ವನಿ ಬಡಿದು ಹೊರಬಿತ್ತು. ಜನ ಮೊದಲು ರಾಮಣ್ಣನ ಫೋನಿನ ಕಡೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕಂಬದ ಕಡೆ ತಿರುಗಿದರು.

ಲಕ್ಕಮ್ಮ ಕೋಲು ಎತ್ತಿಕೊಂಡು ಎದ್ದಳು. "ನಾ ನನ್ ಅಸ ಒಡ್ಕಂಬತ್ತೀನಿ. ನಿನ್ ಆನೇನ ಮನೇಲಿ ಕಟ್ಟಾಕ್ಕೊಳವ್ವ!" ಎಂದು ಗೇಟು ತಳ್ಳಿ ನಡೆದೇಬಿಟ್ಟಳು.

ರಾಮಣ್ಣ ಮಾತ್ರ ತಿರುಗಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ತಂದು ಪಿಸುಗುಟ್ಟಿದ. "ಅವ್ವಾ, ಒಂದು ಉಪ್ಕಾರ ಮಾಡಿ. ಆನೆ ನೋಡಕ್ಕೆ ಸಾಯೇಬ್ರು ಒಂಟವ್ರೆ. ಅವ್ರು ಬಂದೋಗಗಂಟ ನಿಮ್ ಯಜಮಾನ್ರು ಇನ್ನೊಂದು ಸಲ ಒಳೀಕೋಗಿ ಅಲ್ಲಾಡ್ಲಿ!"